160, 180, 195: ಇಂಜಿನ್ ನೀರು ಎಷ್ಟು ಬಿಸಿ ಇರಬೇಕು ಎಂಬ ನೂರು ವರ್ಷದ ಜಗಳ

ಲಾರಿಯೋ ಪಿಕಪ್ಪೋ ಟ್ರ್ಯಾಕ್ಟರೋ, ಯಾವುದಾದರೂ ಗಾಡಿಯ ಬಾನೆಟ್ ಎತ್ತಿ ನೋಡಿ. ರೇಡಿಯೇಟರ್‌ನ ಮೇಲಿನ ಹೋಸ್ ಪೈಪ್ ಇಂಜಿನ್ನಿಗೆ ಸೇರುವ ಕಡೆ ಬೋಲ್ಟ್ ಬಿಗಿದ ಒಂದು ಪುಟ್ಟ ಮುಚ್ಚಳ ಬಹಳಷ್ಟು ಗಾಡಿಗಳಲ್ಲಿ ಇರುತ್ತದೆ. ಅದರೊಳಗೆ ಅಂಗೈ ಮೇಲೆ ಕೂರುವಷ್ಟು ಚಿಕ್ಕ ಸಾಮಾನು ಒಂದಿದೆ. ಅದರ ಹೆಸರು ಥರ್ಮೋಸ್ಟಾಟ್. ನಮ್ಮ ಕಡೆ ಗ್ಯಾರೇಜಿನವರು ಅದನ್ನು ‘ವಾಲ್’ ಎನ್ನುತ್ತಾರೆ. ಗಾಡಿ ಹೀಟ್ ಆಗುತ್ತದೆ ಎಂದು ಹೇಳಿದರೆ ಎಷ್ಟೋ ಸಲ ಮೊದಲು ಕಿತ್ತು ಎಸೆಯುವುದೂ ಅದನ್ನೇ.

ಅದರ ಕೆಲಸ ಸರಳ. ಇಂಜಿನ್ ತಣ್ಣಗಿರುವಾಗ ಅದು ಬಾಗಿಲು ಮುಚ್ಚಿಕೊಂಡಿರುತ್ತದೆ. ನೀರು ರೇಡಿಯೇಟರ್‌ಗೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತಾ ಬೇಗ ಬಿಸಿಯಾಗುತ್ತದೆ. ಒಂದು ಹಂತದ ಬಿಸಿ ಮುಟ್ಟಿದ ಮೇಲೆ ಬಾಗಿಲು ತೆರೆಯುತ್ತದೆ, ನೀರು ರೇಡಿಯೇಟರ್‌ಗೆ ಹೋಗಿ ತಣ್ಣಗಾಗಿ ವಾಪಸ್ ಬರುತ್ತದೆ. ಆ ಹಂತ ಯಾವುದು ಎಂಬುದನ್ನು ಅದರ ಮೈಮೇಲೆಯೇ ಅಚ್ಚು ಹಾಕಿರುತ್ತಾರೆ. ನಮ್ಮಲ್ಲಿ ಅದು ಸೆಲ್ಸಿಯಸ್‌ನಲ್ಲಿ ಇರುತ್ತದೆ. ಅಮೆರಿಕದಲ್ಲಿ ಫ್ಯಾರನ್‌ಹೀಟ್. ಅಲ್ಲಿ ಮೂರು ನಂಬರುಗಳು ಪ್ರಸಿದ್ಧ: 160, 180, 195. ನಮ್ಮ ಲೆಕ್ಕದಲ್ಲಿ ಸುಮಾರು 71, 82 ಮತ್ತು 91 ಡಿಗ್ರಿ ಸೆಲ್ಸಿಯಸ್.

ಅಮೆರಿಕದಲ್ಲಿ ಪಿಕಪ್ ಟ್ರಕ್ಕುಗಳ ಶಕ್ತಿ ಹೆಚ್ಚಿಸಿ ಓಡಿಸುವ ಹುಚ್ಚು ದೊಡ್ಡದು. ಆ ಜನರ ನಡುವೆ ಈ ಮೂರು ನಂಬರುಗಳಲ್ಲಿ ಯಾವುದು ಸರಿ ಎಂಬ ವಾದ ಇನ್ನೂ ಮುಗಿದಿಲ್ಲ. ನಾವು ಈ ವಾದದ ಹಿಂದೆ ಬಿದ್ದು ಹಳೆಯ ಕಥೆ ಕೆದಕಿದಾಗ ಗೊತ್ತಾಗಿದ್ದು ಇಷ್ಟು: ಒಂದೊಂದು ನಂಬರೂ ಒಂದೊಂದು ಕಾಲದ ತೊಂದರೆಗೆ ಹುಡುಕಿದ ಉತ್ತರ. ಅದು ತಿಳಿದರೆ ನಮ್ಮ ಊರಿನ ಗಾಡಿಯ ವಾಲ್ ಕೀಳಬೇಕೋ ಬೇಡವೋ ಎಂಬುದೂ ತಿಳಿಯುತ್ತದೆ.

ಶುರುವಾಗಿದ್ದು ಮೊಟ್ಟೆಯಿಂದ

ಬಿಸಿಯನ್ನು ತಾನಾಗಿಯೇ ಹದದಲ್ಲಿ ಇಡುವ ಸಾಧನಕ್ಕೆ ಇಂಜಿನ್ನಿಗಿಂತ ಹೆಚ್ಚು ವಯಸ್ಸು. 1600ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಡಚ್ ಕುಶಲಕರ್ಮಿ ಕಾರ್ನೆಲಿಸ್ ಡ್ರೆಬೆಲ್, ಕೋಳಿ ಇಲ್ಲದೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಮಾಡಿದ್ದ. ಒಳಗೆ ಬಿಸಿ ಹೆಚ್ಚಾದರೆ ಆಲ್ಕೋಹಾಲ್ ಹಿಗ್ಗಿ ಪಾದರಸವನ್ನು ತಳ್ಳುತ್ತಿತ್ತು, ಅದು ಒಲೆಗೆ ಗಾಳಿ ಹೋಗುವ ಕಿಂಡಿಯನ್ನು ಮುಚ್ಚುತ್ತಿತ್ತು. ಬೆಂಕಿ ತಗ್ಗುತ್ತಿತ್ತು. 1830ರಲ್ಲಿ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್ ಎರಡು ಲೋಹದ ಪಟ್ಟಿ ಜೋಡಿಸಿದ ಸಾಧನಕ್ಕೆ ಪೇಟೆಂಟ್ ಪಡೆದ. ಬಟ್ಟೆ ಗಿರಣಿಗಳಲ್ಲಿ ಒಂದೇ ಹದದ ಬಿಸಿ ಬೇಕಿತ್ತು. ‘ಥರ್ಮೋಸ್ಟಾಟ್’ ಎಂಬ ಹೆಸರು ಬಂದದ್ದು ಆಗ. ಹೀಗೆ ಕೋಳಿ ಸಾಕುವವರು ಮತ್ತು ಗಿರಣಿಯವರು ಬಳಸಿದ ಉಪಾಯ ಗಾಡಿಗೆ ಬರುವ ಹೊತ್ತಿಗೆ ಇನ್ನೂ ಎಂಬತ್ತು ವರ್ಷ ಹಿಡಿಯಿತು.

ಕುದಿಯುವ ಗಾಡಿಗಳು

ಮೊದಲ ಮೋಟಾರು ಗಾಡಿಗಳಿಗೆ ರೇಡಿಯೇಟರೇ ಇರಲಿಲ್ಲ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ಮತ್ತೆ ಸುರಿಯಬೇಕಿತ್ತು. 1888ರಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸುಮಾರು 100 ಕಿಲೋಮೀಟರ್ ಓಡಿಸಿದಳು. ದಾರಿಯುದ್ದಕ್ಕೂ ನೀರು ಸಿಕ್ಕ ಕಡೆಯೆಲ್ಲ ನಿಲ್ಲಿಸಿ ತುಂಬಿಸಬೇಕಾಯಿತು. ವಿಲ್‌ಹೆಲ್ಮ್ ಮೇಬ್ಯಾಕ್ 1900ರ ಸುಮಾರಿಗೆ ಜೇನುಗೂಡಿನಂತಹ ರೇಡಿಯೇಟರ್ ಮಾಡಿದ ಮೇಲೆ ಈ ಕಾಟ ಬಹಳ ಕಡಿಮೆಯಾಯಿತು.

ಅಮೆರಿಕದ ರೈತರಿಗೆ ಗಾಡಿ ತಂದುಕೊಟ್ಟದ್ದು ಫೋರ್ಡ್ ಮಾಡೆಲ್ ಟಿ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಮಾರಾಟವಾಯಿತು. 1917ರಲ್ಲಿ ಅದರದೇ ಇಂಜಿನ್ ಹಾಕಿ ಒಂದು ಟನ್ ಹೊರುವ ಮಾಡೆಲ್ ಟಿಟಿ ಟ್ರಕ್ ಬಂತು. ಈ ಗಾಡಿಗಳಲ್ಲಿ ಬಹುಪಾಲಿಗೆ ನೀರಿನ ಪಂಪ್ ಇರಲಿಲ್ಲ, ಥರ್ಮೋಸ್ಟಾಟೂ ಇರಲಿಲ್ಲ. ಬಿಸಿ ನೀರು ಹಗುರವಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಆ ಓಟದಿಂದಲೇ ನೀರು ಸುತ್ತುತ್ತಿತ್ತು. ಬೇಸಿಗೆಯಲ್ಲಿ ಏರು ಹತ್ತಿದರೆ ಕುದಿತ. ಚಳಿಗಾಲದಲ್ಲಿ ಇಂಜಿನ್ ಬಿಸಿಯೇ ಆಗುತ್ತಿರಲಿಲ್ಲ. ಜನ ರೇಡಿಯೇಟರ್ ಮುಂದೆ ರಟ್ಟು ಸಿಕ್ಕಿಸಿ, ಕಂಬಳಿ ಹೊದಿಸಿ ಓಡಿಸುತ್ತಿದ್ದರು.

ತಣ್ಣಗಿನ ಇಂಜಿನ್ ಕುದಿಯುವ ಇಂಜಿನ್ನಷ್ಟೇ ಕೆಟ್ಟದು ಎಂಬುದು ಆಗ ನಿಧಾನವಾಗಿ ಅರ್ಥವಾಯಿತು. ತಣ್ಣಗಿನ ಸಿಲಿಂಡರ್ ಗೋಡೆಯ ಮೇಲೆ ಪೆಟ್ರೋಲು ಆವಿಯಾಗದೆ ಹನಿಯಾಗಿ ಉಳಿಯುತ್ತದೆ. ಅದು ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗಿಳಿದು ಇಂಜಿನ್ ಆಯಿಲ್‌ಗೇ ಬೆರೆಯುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಬೇರಿಂಗು ಸವೆಯುತ್ತದೆ. 1930ರ ದಶಕದಲ್ಲಿ ಬ್ರಿಟನ್ನಿನ ಆಟೋಮೊಬೈಲ್ ಎಂಜಿನಿಯರುಗಳ ಸಂಸ್ಥೆ ಸಿಲಿಂಡರ್ ಸವೆತದ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ಇನ್ನೊಂದು ಕಾರಣವನ್ನೂ ತೋರಿಸಿತು. ಇಂಧನ ಉರಿದಾಗ ಹುಟ್ಟುವ ನೀರಿನ ಆವಿ ತಣ್ಣನೆಯ ಗೋಡೆಗೆ ಬಡಿದು ಹನಿಯಾಗುತ್ತದೆ. ಆ ಹನಿಯಲ್ಲಿ ಆಮ್ಲ ಸೇರಿಕೊಂಡು ಗೋಡೆಯನ್ನು ತಿನ್ನುತ್ತದೆ. ಉಜ್ಜಿ ಸವೆಯುವುದಕ್ಕಿಂತ ತುಕ್ಕು ಹಿಡಿದು ಸವೆಯುವುದೇ ಇಲ್ಲಿ ದೊಡ್ಡ ಕಾಟ.

ಸಾರಾಯಿ ಕುದಿಯುವ ಬಿಸಿ ಮತ್ತು 160

1914ರಲ್ಲಿ ಕ್ಯಾಡಿಲಾಕ್ ಕಂಪನಿ ಹೊರತಂದ ವಿ-8 ಕಾರಿನಲ್ಲಿ ಥರ್ಮೋಸ್ಟಾಟ್ ಬಂತು. ಆ ಕಾಲದ ಥರ್ಮೋಸ್ಟಾಟ್ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ತೆಳು ಲೋಹದ ಡಬ್ಬಿ. ಒಳಗೆ ಬೇಗ ಆವಿಯಾಗುವ ದ್ರವ. ಬಿಸಿಯಾದರೆ ತಿದಿ ಉದ್ದವಾಗಿ ಬಾಗಿಲು ತೆರೆಯುತ್ತಿತ್ತು.

ಎಷ್ಟು ಬಿಸಿಗೆ ತೆರೆಯಬೇಕು? ಇದನ್ನು ತೀರ್ಮಾನಿಸಿದ್ದು ಚಳಿ. ಅಮೆರಿಕದ ಉತ್ತರ ಭಾಗದಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಇಂಜಿನ್ ಬ್ಲಾಕೇ ಸೀಳಿಹೋಗುತ್ತಿತ್ತು. ಅದಕ್ಕೆ ಜನ ನೀರಿಗೆ ಆಲ್ಕೋಹಾಲ್ ಬೆರೆಸುತ್ತಿದ್ದರು. ಆದರೆ ಮೆಥನಾಲ್ ಕುದಿಯುವುದು ಸುಮಾರು 65 ಡಿಗ್ರಿಗೆ, ಎಥನಾಲ್ 78ಕ್ಕೆ. ಇಂಜಿನ್ ಹೆಚ್ಚು ಬಿಸಿಯಾದರೆ ಆಲ್ಕೋಹಾಲ್ ಹಾರಿಹೋಗಿ ಬರೀ ನೀರು ಉಳಿಯುತ್ತಿತ್ತು, ರಾತ್ರಿ ಅದು ಹೆಪ್ಪುಗಟ್ಟುತ್ತಿತ್ತು. ಹಾಗಾಗಿ ಥರ್ಮೋಸ್ಟಾಟ್ 140ರಿಂದ 160ರ ನಡುವೆ ತೆರೆಯಲೇಬೇಕಿತ್ತು. ಈಗಿನ ರೇಸಿನವರು ಪ್ರೀತಿಸುವ 160 ನಂಬರು ಹುಟ್ಟಿದ್ದು ವೇಗಕ್ಕಾಗಿ ಅಲ್ಲ, ಸಾರಾಯಿ ಉಳಿಸಿಕೊಳ್ಳಲು.

1927ರಲ್ಲಿ ಪ್ರೆಸ್ಟೋನ್ ಹೆಸರಿನಲ್ಲಿ ಎಥಿಲೀನ್ ಗ್ಲೈಕಾಲ್ ಮಾರುಕಟ್ಟೆಗೆ ಬಂತು. ಇದು ಕುದಿಯುವುದು ಸುಮಾರು 197 ಡಿಗ್ರಿಗೆ. ಇಂದು ನಾವು ಅಂಗಡಿಯಲ್ಲಿ ತರುವ ಹಸಿರು, ಕೆಂಪು ಕೂಲೆಂಟ್‌ಗಳಲ್ಲಿ ಬಹುಪಾಲಿಗೆ ಇದೇ ಮೂಲ. ಹಾರಿಹೋಗುವ ಭಯ ತಪ್ಪಿದ ಮೇಲೆ ಥರ್ಮೋಸ್ಟಾಟ್ 180ಕ್ಕೆ ಏರಲು ದಾರಿಯಾಯಿತು. ಮುಂದೆ ಒತ್ತಡದ ರೇಡಿಯೇಟರ್ ಕ್ಯಾಪ್ ಬಂತು. ಕ್ಯಾಪ್ ಒಳಗಿನ ಒತ್ತಡವನ್ನು 15 ಪಿಎಸ್‌ಐವರೆಗೆ ಹಿಡಿದಿಟ್ಟರೆ ಬರೀ ನೀರು ಕೂಡ 100ಕ್ಕೆ ಬದಲು ಸುಮಾರು 121 ಡಿಗ್ರಿವರೆಗೆ ಕುದಿಯುವುದಿಲ್ಲ. ಬಿಸಿ ಇಂಜಿನ್ನಿನ ಕ್ಯಾಪ್ ತೆರೆದರೆ ಮುಖಕ್ಕೆ ನೀರು ಚಿಮ್ಮುವುದು ಇದೇ ಕಾರಣಕ್ಕೆ.

ಮೇಣದ ಗುಟ್ಟು

ಒತ್ತಡದ ಕ್ಯಾಪ್ ಬಂದಾಗ ತಿದಿಯ ಥರ್ಮೋಸ್ಟಾಟ್ ಸೋತಿತು. ಹೊರಗಿನ ಒತ್ತಡ ತಿದಿಯನ್ನೇ ಅಮುಕುತ್ತಿತ್ತು, ತೆರೆಯಬೇಕಾದ ಹೊತ್ತಿಗೆ ಅದು ತೆರೆಯುತ್ತಿರಲಿಲ್ಲ. ಇದಕ್ಕೆ ಉತ್ತರ ಅಮೆರಿಕದ ಸರ್ಜಿಯಸ್ ವರ್ನೆ ಎಂಬವರು 1930ರ ದಶಕದಲ್ಲಿ ಕಂಡುಹಿಡಿದ ಮೇಣದ ಥರ್ಮೋಸ್ಟಾಟ್. ಗಟ್ಟಿ ತಾಮ್ರದ ಅಥವಾ ಹಿತ್ತಾಳೆಯ ಪುಟ್ಟ ಬಟ್ಟಲಿನಲ್ಲಿ ಮೇಣ. ಮೇಣ ಕರಗಿದಾಗ ಹಿಗ್ಗಿ ಒಂದು ಕಡ್ಡಿಯನ್ನು ಹೊರಕ್ಕೆ ತಳ್ಳುತ್ತದೆ, ಸ್ಪ್ರಿಂಗ್ ಅಮುಕಿ ಬಾಗಿಲು ತೆರೆಯುತ್ತದೆ. ತಣ್ಣಗಾದರೆ ಮೇಣ ಕುಗ್ಗುತ್ತದೆ, ಸ್ಪ್ರಿಂಗ್ ಬಾಗಿಲು ಮುಚ್ಚುತ್ತದೆ. ಯಾವ ಬಿಸಿಗೆ ಕರಗುವ ಮೇಣ ತುಂಬಿದ್ದಾರೋ ಅದೇ ಥರ್ಮೋಸ್ಟಾಟ್‌ನ ನಂಬರು. ಇಂದಿಗೂ ನಮ್ಮ ಬಹುತೇಕ ಗಾಡಿಗಳಲ್ಲಿ ಇರುವುದು ಇದೇ.

ಹೊಗೆಯಿಂದ ಬಂದ 195

1950ರ ದಶಕದ ಹೊತ್ತಿಗೆ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣು ಉರಿಸುವ ಹೊಗೆ ಕವಿದಿತ್ತು. ಅದರಲ್ಲಿ ವಾಹನಗಳ ಪಾಲು ದೊಡ್ಡದು ಎಂದು ವಿಜ್ಞಾನಿಗಳು ತೋರಿಸಿದರು. ಕ್ಯಾಲಿಫೋರ್ನಿಯಾ ಮೊದಲು ಕಾನೂನು ತಂದಿತು. 1970ರಲ್ಲಿ ಇಡೀ ಅಮೆರಿಕಕ್ಕೆ ಶುದ್ಧ ಗಾಳಿ ಕಾಯ್ದೆಯ ಬಿಗಿಯಾದ ರೂಪ ಬಂತು.

ಸಿಲಿಂಡರ್ ಒಳಗೆ ಬೆಂಕಿ ತಣ್ಣಗಿನ ಗೋಡೆಯ ಹತ್ತಿರ ಬಂದಾಗ ಆರಿಹೋಗುತ್ತದೆ. ಅಲ್ಲಿ ಉರಿಯದೆ ಉಳಿದ ಪೆಟ್ರೋಲು ಸೈಲೆನ್ಸರ್‌ನಿಂದ ಹೊರಬೀಳುತ್ತದೆ. ಗೋಡೆ ಬಿಸಿಯಿದ್ದರೆ ಆ ಪ್ರಮಾಣ ಕಡಿಮೆ. ಇಂಜಿನ್ ಬೇಗ ಬಿಸಿಯಾದರೆ ಚೋಕ್ ಬೇಗ ಬಿಡಬಹುದು, ಆಯಿಲ್ ತೆಳುವಾಗಿ ಉಜ್ಜಾಟವೂ ಕಡಿಮೆ. ಹೀಗೆ 1960 ಮತ್ತು 70ರ ದಶಕಗಳಲ್ಲಿ ಕಾರ್ಖಾನೆಗಳು 195ರ ಕಡೆಗೆ ಹೊರಳಿದವು.

ರೇಸಿನವರು ಹಿಂದಕ್ಕೆ ಹೊರಟರು

ಅಷ್ಟರಲ್ಲಿ ಇನ್ನೊಂದು ಗುಂಪು ಬೆಳೆದಿತ್ತು. ಎರಡನೇ ಮಹಾಯುದ್ಧದ ನಂತರ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್‌ಗಳನ್ನು ಬಿಚ್ಚಿ ಶಕ್ತಿ ಹೆಚ್ಚಿಸಿ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. 1932ರಲ್ಲಿ ಬಂದ ಫೋರ್ಡ್ ವಿ-8 ಅವರ ಪ್ರೀತಿಯ ಇಂಜಿನ್. ಫೋರ್ಡ್ ಟ್ರಕ್ಕುಗಳಲ್ಲೂ ಅದೇ ಇತ್ತು. ಅದರಲ್ಲಿ ಉರಿದ ಹೊಗೆಯ ದಾರಿ ಇಂಜಿನ್ ಬ್ಲಾಕಿನೊಳಗೇ ಹಾದುಹೋಗುತ್ತಿದ್ದರಿಂದ ನೀರಿಗೆ ವಿಪರೀತ ಬಿಸಿ ಸೇರುತ್ತಿತ್ತು. ಇಂಜಿನ್ನನ್ನು ತಣ್ಣಗಿಡುವುದೇ ದೊಡ್ಡ ವಿದ್ಯೆಯಾಯಿತು.

ತಣ್ಣಗಿನ ಇಂಜಿನ್‌ನಿಂದ ಶಕ್ತಿ ಬರುವುದಕ್ಕೆ ಎರಡು ಕಾರಣ. ಮೊದಲನೆಯದು ಗಾಳಿ. ಒಳಗೆ ಹೋಗುವ ಗಾಳಿಯ ಬಿಸಿ 10 ಡಿಗ್ರಿ ಏರಿದರೆ ಅದರ ಸಾಂದ್ರತೆ ಸುಮಾರು ಶೇ. 3ರಷ್ಟು ಇಳಿಯುತ್ತದೆ. ಕಡಿಮೆ ಗಾಳಿ ಎಂದರೆ ಕಡಿಮೆ ಶಕ್ತಿ. ಎರಡನೆಯದು ನಾಕಿಂಗ್. ಸಿಲಿಂಡರ್ ಹೆಚ್ಚು ಬಿಸಿಯಿದ್ದರೆ ಪೆಟ್ರೋಲು ಹೊತ್ತಿಗೆ ಮುಂಚೆ ತಾನಾಗಿ ಸಿಡಿಯುತ್ತದೆ, ಟಕಟಕ ಸದ್ದು ಬರುತ್ತದೆ. ಅದನ್ನು ತಪ್ಪಿಸಲು ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಸರಿಸಬೇಕು, ಶಕ್ತಿ ಹೋಗುತ್ತದೆ. ಟರ್ಬೋ ಹಾಕಿದ ಇಂಜಿನ್ನಿನಲ್ಲಿ ಈ ಕಾಟ ಇನ್ನೂ ಹೆಚ್ಚು.

ಟ್ರಕ್ಕುಗಳು ಈ ಆಟಕ್ಕೆ ಬಂದ ಕಥೆ ತಮಾಷೆಯಾಗಿದೆ. 1978ರಲ್ಲಿ ಡಾಡ್ಜ್ ಕಂಪನಿ ‘ಲಿಲ್ ರೆಡ್ ಎಕ್ಸ್‌ಪ್ರೆಸ್’ ಎಂಬ ಕೆಂಪು ಪಿಕಪ್ ತಂದಿತು. ಕ್ಯಾಬಿನ್ ಹಿಂದೆ ಎರಡು ಹೊಳೆಯುವ ಹೊಗೆ ಕೊಳವೆ. ಒಟ್ಟು ತೂಕದ ಮಿತಿ ಸುಮಾರು 2,700 ಕೆ.ಜಿ. ದಾಟಿದ ಟ್ರಕ್ಕುಗಳಿಗೆ ಆಗ ಕಾರುಗಳಷ್ಟು ಬಿಗಿಯಾದ ಹೊಗೆ ನಿಯಮ ಇರಲಿಲ್ಲ. ಹಾಗಾಗಿ ಆ ವರ್ಷದ ಗಾಡಿಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರಲಿಲ್ಲ. 1979ರಲ್ಲಿ ಅದೂ ಬಂತು. 1991ರಲ್ಲಿ ಜಿಎಂಸಿ ಕಂಪನಿಯ ಸೈಕ್ಲೋನ್ ಬಂತು: 4.3 ಲೀಟರ್ ವಿ-6 ಇಂಜಿನ್, ಟರ್ಬೋ, 280 ಅಶ್ವಶಕ್ತಿ. ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ ಅದನ್ನು ಫೆರಾರಿ ಕಾರಿನ ಪಕ್ಕ ನಿಲ್ಲಿಸಿ ಕಾಲು ಮೈಲಿ ಓಡಿಸಿದಾಗ ಪಿಕಪ್ಪೇ ಮುಂದೆ ಬಂತು. 1999ರಲ್ಲಿ ಫೋರ್ಡ್ ತನ್ನ ಎಫ್-150 ಲೈಟ್ನಿಂಗ್‌ಗೆ ಸೂಪರ್‌ಚಾರ್ಜರ್ ಹಾಕಿ 360 ಅಶ್ವಶಕ್ತಿ ಕೊಟ್ಟಿತು.

ಇಂಥ ಗಾಡಿ ಕೊಂಡವರು ಮೊದಲು ಮಾಡುತ್ತಿದ್ದ ಅಗ್ಗದ ಬದಲಾವಣೆಗಳಲ್ಲಿ ಒಂದು, 195 ತೆಗೆದು 160 ಹಾಕುವುದು. ಅಜ್ಜನ ಕಾಲದ ನಂಬರು ಮೊಮ್ಮಗನ ಕಾಲದಲ್ಲಿ ಬೇರೆ ಕಾರಣಕ್ಕೆ ವಾಪಸ್ ಬಂತು.

ಕಂಪ್ಯೂಟರ್ ಒಪ್ಪಲಿಲ್ಲ

ಆದರೆ 1980ರ ದಶಕದಿಂದ ಇಂಜಿನ್ನಿಗೆ ಕಂಪ್ಯೂಟರ್ ಬಂದಿತ್ತು. ನೀರಿನಲ್ಲಿ ಒಂದು ಸೆನ್ಸಾರ್ ಕೂತು ಬಿಸಿ ಎಷ್ಟೆಂದು ಹೇಳುತ್ತಲೇ ಇರುತ್ತದೆ. ನೀರು ತಣ್ಣಗಿದೆ ಎಂದರೆ ಕಂಪ್ಯೂಟರ್ ಇಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದುಕೊಂಡು ಹೆಚ್ಚು ಇಂಧನ ಸುರಿಯುತ್ತದೆ. ಕಂಪ್ಯೂಟರ್ ಲೆಕ್ಕ ಬದಲಿಸದೆ ಬರೀ 160 ಹಾಕಿದವನಿಗೆ ಮೈಲೇಜ್ ಇಳಿಯಿತು, ಆಯಿಲ್ ಬೇಗ ಕೆಟ್ಟಿತು, ಕೆಲವೊಮ್ಮೆ ಶಕ್ತಿಯೂ ಹೆಚ್ಚಲಿಲ್ಲ. 1996ರಿಂದ ಅಮೆರಿಕದ ಕಾರುಗಳಿಗೆ ಒಬಿಡಿ-2 ಎಂಬ ತಪಾಸಣೆ ವ್ಯವಸ್ಥೆ ಕಡ್ಡಾಯವಾಯಿತು. ನೀರು ಬೇಕಾದಷ್ಟು ಬಿಸಿಯಾಗದಿದ್ದರೆ ಪಿ0128 ಎಂಬ ಕೋಡ್ ತೋರಿಸಿ ಲೈಟ್ ಹೊತ್ತಿಸುವುದೂ ಮುಂದೆ ಅದರಲ್ಲಿ ಸೇರಿತು.

ಇನ್ನೊಂದು ಸೂಕ್ಷ್ಮವಿದೆ, ಬಹಳ ಜನ ತಪ್ಪುವುದು ಇಲ್ಲಿ. ಥರ್ಮೋಸ್ಟಾಟ್‌ನ ನಂಬರು ಇಂಜಿನ್‌ನ ಕನಿಷ್ಠ ಬಿಸಿ, ಗರಿಷ್ಠ ಅಲ್ಲ. 160 ಎಂದರೆ 71 ಡಿಗ್ರಿಗೆ ತೆರೆಯಲು ಶುರು, ಪೂರ್ತಿ ತೆರೆಯುವುದು ಇನ್ನೂ ಸುಮಾರು 10 ಡಿಗ್ರಿ ಏರಿದ ಮೇಲೆ. ಪೂರ್ತಿ ತೆರೆದ ಮೇಲೆ ಅದರ ಕೆಲಸ ಮುಗಿಯಿತು. ಅಲ್ಲಿಂದಾಚೆಗೆ ಬಿಸಿ ಎಷ್ಟಿರಬೇಕು ಎಂದು ತೀರ್ಮಾನಿಸುವುದು ರೇಡಿಯೇಟರ್, ಫ್ಯಾನ್ ಮತ್ತು ನೀರಿನ ಪಂಪ್. 160 ಹಾಕಿ ಫ್ಯಾನ್ ಮಾತ್ರ 100 ಡಿಗ್ರಿ ದಾಟಿದ ಮೇಲೆ ತಿರುಗುವಂತಿದ್ದರೆ ಟ್ರಾಫಿಕ್ಕಿನಲ್ಲಿ ನಿಂತಾಗ ಬಿಸಿ ಏರಿಯೇ ಏರುತ್ತದೆ. ಕಟ್ಟಿಕೊಂಡ ರೇಡಿಯೇಟರ್‌ಗೆ 160 ಮದ್ದಲ್ಲ.

ಅನುಭವಸ್ಥರು ಹೀಗೆ ಬಂದು ನಿಂತದ್ದು ಮೂರು ಮಾತಿಗೆ. ಕಾಲು ಮೈಲಿ ಓಡಿಸಿ ನಿಲ್ಲಿಸುವ ರೇಸ್ ಗಾಡಿಗೆ 160. ಶಕ್ತಿ ಹೆಚ್ಚಿಸಿ ರಸ್ತೆಯಲ್ಲೂ ದಿನಾ ಓಡಿಸುವ ಪೆಟ್ರೋಲ್ ಟ್ರಕ್ಕಿಗೆ 180, ಅದರ ಜೊತೆ ಕಂಪ್ಯೂಟರ್ ಲೆಕ್ಕವನ್ನೂ ಫ್ಯಾನ್ ಶುರುವಾಗುವ ಬಿಸಿಯನ್ನೂ ಹೊಂದಿಸಬೇಕು. ಇಂಜಿನ್ ಮುಟ್ಟದೆ ಇದ್ದ ಹಾಗೆ ಓಡಿಸುವವನಿಗೆ ಕಂಪನಿ ಹಾಕಿದ್ದೇ ಸರಿ.

1990ರ ದಶಕದಲ್ಲಿ ಬಿಎಂಡಬ್ಲ್ಯು ಮೇಣದ ಬಟ್ಟಲಿನೊಳಗೆ ಕರೆಂಟಿನ ಪುಟ್ಟ ಹೀಟರ್ ಇಟ್ಟಿತು. ನಿಧಾನ ಓಡುವಾಗ ನೀರು ಹೆಚ್ಚು ಬಿಸಿಯಿರಲಿ, ಇಂಧನ ಉಳಿಯುತ್ತದೆ. ಆಕ್ಸಿಲರೇಟರ್ ಒತ್ತಿದರೆ ಕಂಪ್ಯೂಟರ್ ಹೀಟರ್‌ಗೆ ಕರೆಂಟ್ ಕೊಟ್ಟು ಮೇಣವನ್ನು ಬೇಗ ಕರಗಿಸಿ ಬಾಗಿಲು ತೆರೆಸುತ್ತದೆ, ಇಂಜಿನ್ ತಣ್ಣಗಾಗುತ್ತದೆ. ಎರಡೂ ಪಕ್ಷದವರು ಹೇಳಿದ್ದರಲ್ಲಿ ನಿಜವಿತ್ತು ಎಂದು ಯಂತ್ರವೇ ಒಪ್ಪಿಕೊಂಡ ಹಾಗಾಯಿತು.

ನಮ್ಮ ಗಾಡಿಗೆ ಇದರಿಂದ ಏನು?

ನಮ್ಮ ಹಳ್ಳಿಗಳ ಲಾರಿ, ಟ್ರ್ಯಾಕ್ಟರ್, ಪಿಕಪ್ಪುಗಳಲ್ಲಿ ಬಹುಪಾಲು ಡೀಸೆಲ್. ಡೀಸೆಲ್ ಇಂಜಿನ್ನಿಗೆ ಪೆಟ್ರೋಲಿನ ನಾಕಿಂಗ್ ಲೆಕ್ಕ ಅನ್ವಯಿಸುವುದಿಲ್ಲ. ಅದು ಹೊತ್ತಿಕೊಳ್ಳುವುದೇ ಬಿಸಿಯಿಂದ. ತಣ್ಣಗಿಟ್ಟರೆ ಬಿಳಿ ಹೊಗೆ, ಹೆಚ್ಚು ಡೀಸೆಲ್, ಸಿಲಿಂಡರ್ ಸವೆತ. ಆದ್ದರಿಂದ ಅಮೆರಿಕದ ರೇಸಿನವರ 160 ನಮಗೆ ಮಾದರಿಯಲ್ಲ.

‘ನಮ್ಮದು ಬಿಸಿಲಿನ ನಾಡು, ವಾಲ್ ಯಾಕೆ ಬೇಕು’ ಎಂಬ ಮಾತನ್ನು ನಾವೂ ಎಷ್ಟೋ ಗ್ಯಾರೇಜಿನಲ್ಲಿ ಕೇಳಿದ್ದೇವೆ. ಕಲಬುರಗಿಯ ಮೇ ತಿಂಗಳಲ್ಲೂ ಹೊರಗಿನ ಗಾಳಿ 45 ಡಿಗ್ರಿಯ ಆಸುಪಾಸು. ಇಂಜಿನ್ನಿಗೆ ಬೇಕಾದ್ದು 80ಕ್ಕೂ ಮೇಲೆ. ನಮ್ಮ ಬಿಸಿಲು ಇಂಜಿನ್ನಿಗೆ ಇನ್ನೂ ತಂಪೇ. ವಾಲ್ ತೆಗೆದರೆ ಖಾಲಿ ಗಾಡಿ ಓಡುವಾಗ ನೀರು ಆ ಬಿಸಿಗೆ ಮುಟ್ಟುವುದೇ ಇಲ್ಲ. ಇನ್ನು ಕೆಲವು ಇಂಜಿನ್‌ಗಳಲ್ಲಿ ವಾಲ್ ತೆರೆದುಕೊಂಡಾಗ ಅದರ ಕೆಳಭಾಗ ಅಡ್ಡದಾರಿಯನ್ನು ಮುಚ್ಚುತ್ತದೆ. ಅಂಥ ಇಂಜಿನ್ನಿನ ವಾಲ್ ಕಿತ್ತರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತದೆ. ಹೀಟ್ ಕಡಿಮೆಯಾಗಲಿ ಎಂದು ಕಿತ್ತರೆ ಘಾಟಿಯಲ್ಲಿ ಲೋಡ್ ಹೊತ್ತಾಗ ಹೀಟ್ ಹೆಚ್ಚುತ್ತದೆ. ಹೊಸ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಇಂಜಿನ್ ಸಾಕಷ್ಟು ಬಿಸಿಯಾಗದಿದ್ದರೆ ಅದು ತನ್ನನ್ನು ತಾನು ಸುಟ್ಟು ಶುದ್ಧ ಮಾಡಿಕೊಳ್ಳುವುದಿಲ್ಲ, ಕಟ್ಟಿಕೊಳ್ಳುತ್ತದೆ. ಅದರ ಖರ್ಚಿನ ಮುಂದೆ ವಾಲ್‌ನ ಬೆಲೆ ಏನೂ ಅಲ್ಲ.

ವಾಲ್ ಕೆಟ್ಟಿದೆಯೋ ಇಲ್ಲವೋ ಎಂದು ಮನೆಯಲ್ಲೇ ನೋಡಬಹುದು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿಸಿ. ಅಡುಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ ನೀರು ಹಾಕಿ, ತಳಕ್ಕೆ ತಾಗದಂತೆ ವಾಲನ್ನು ದಾರದಲ್ಲಿ ಇಳಿಬಿಟ್ಟು ಒಲೆಯ ಮೇಲಿಡಿ. ಕುದಿ ಬರುವ ನೀರಿಗೆ ತಾಳುವ ಥರ್ಮಾಮೀಟರ್ ಪಕ್ಕದಲ್ಲಿರಲಿ, ಜ್ವರ ನೋಡುವ ಥರ್ಮಾಮೀಟರ್ ಆಗುವುದಿಲ್ಲ, ಒಡೆಯುತ್ತದೆ. ಮೈಮೇಲಿನ ನಂಬರಿನ ಆಸುಪಾಸಿಗೆ ಬಾಗಿಲು ತೆರೆಯಲು ಶುರುವಾಗಬೇಕು, ನೀರು ಕುದಿಯುವ ಹೊತ್ತಿಗೆ ಚೆನ್ನಾಗಿ ತೆರೆದಿರಬೇಕು, ತಣ್ಣಗಾದರೆ ಮುಚ್ಚಬೇಕು. ಹಾಗೆ ಮಾಡಿದರೆ ವಾಲ್ ಸರಿಯಿದೆ, ತೊಂದರೆ ಇರುವುದು ರೇಡಿಯೇಟರ್, ಫ್ಯಾನ್, ಬೆಲ್ಟ್, ಪಂಪ್ ಅಥವಾ ಕ್ಯಾಪ್‌ನಲ್ಲಿ. ತೆರೆಯದಿದ್ದರೆ ಅದೇ ನಂಬರಿನ ಹೊಸದನ್ನು ತಂದು ಹಾಕಿಸಿ. ಹಾಕುವಾಗ ಮೇಣದ ಬಟ್ಟಲು ಇಂಜಿನ್ ಕಡೆಗೇ ಇರಬೇಕು. ತಿರುಗುಮುರುಗು ಹಾಕಿದರೆ ಬಿಸಿ ನೀರು ಅದಕ್ಕೆ ಸರಿಯಾಗಿ ಮುಟ್ಟದೆ ಬಾಗಿಲು ತಡವಾಗಿ ತೆರೆಯುತ್ತದೆ, ಅಷ್ಟರಲ್ಲಿ ಇಂಜಿನ್ ಸುಟ್ಟಿರುತ್ತದೆ.

ಮುಂದಿನ ಸಲ ಯಾರಾದರೂ ವಾಲ್ ಕಿತ್ತುಬಿಡೋಣ ಎಂದರೆ, ಮೊದಲು ಬಿಸಿ ನೀರಿಗೆ ಹಾಕಿ ನೋಡೋಣ ಎನ್ನಿ. ಹದಿನೈದು ನಿಮಿಷದ ಕೆಲಸ.